ಹೊಸ ನೋಟರಿಯ ಸೀಲು: ಏನು ಕೆತ್ತಿಸಬೇಕು, ಏನು ಬೇಡ, ಯಾರ ಕೈಗೆ ಕೊಡಬಾರದು

ಪ್ರಶ್ನೆ: ಮೇಡಂ, ನಾನು ರಾಣೆಬೆನ್ನೂರಿನಲ್ಲಿ ಒಂಬತ್ತು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ರಾಜ್ಯ ಸರ್ಕಾರ ನನ್ನನ್ನು ತಾಲ್ಲೂಕಿನ ಮಟ್ಟಿಗೆ ನೋಟರಿಯಾಗಿ ನೇಮಿಸಿದೆ. ಆದೇಶ ಕೈಗೆ ಬಂದಿದೆ, ಸರ್ಟಿಫಿಕೇಟ್ ಇನ್ನೂ ಬಂದಿಲ್ಲ. ಸೀಲ್ ಮಾಡಿಸಲು ಹುಬ್ಬಳ್ಳಿಯ ಒಂದು ಅಂಗಡಿಗೆ ಹೋಗಿದ್ದೆ. ‘ಅಶೋಕ ಸ್ತಂಭ ಹಾಕದಿದ್ದರೆ ನಡೆಯಲ್ಲ’ ಅಂದರು, 500 ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ. ಆನ್‌ಲೈನ್‌ನಲ್ಲಿ ಇನ್ನೊಬ್ಬರು ‘ಸರ್ಕಾರಿ ಮಾನ್ಯತೆಯ ನೋಟರಿ ಕಿಟ್’ ಅಂತ 8,500 ರೂಪಾಯಿಗೆ ಕಾಗದವನ್ನೇ ಉಬ್ಬಿಸಿ ಮೊಹರು ಮೂಡಿಸುವ ಎಂಬಾಸ್ ಯಂತ್ರ, ರಬ್ಬರ್ ಸೀಲ್, ರಿಜಿಸ್ಟರ್ ಎಲ್ಲ ಸೇರಿಸಿ ಕೊಡುತ್ತಾರಂತೆ. ಎಂಬಾಸ್ ಕಡ್ಡಾಯವೇ? ಆಧಾರ್‌ನಲ್ಲಿ ಗಂಡನ ಮನೆ ಹೆಸರಿದೆ, ಸನ್ನದಿನಲ್ಲಿ (ವಕೀಲರ ಪರಿಷತ್ತು ಕೊಟ್ಟ ನೋಂದಣಿ ಪತ್ರದಲ್ಲಿ) ತಂದೆಯ ಇನಿಷಿಯಲ್ ಇದೆ. ಸೀಲಿನಲ್ಲಿ ಯಾವುದು ಇರಬೇಕು? ಕನ್ನಡದಲ್ಲಿ ಮಾಡಿಸಬಹುದೇ? ನಾನು ಕೋರ್ಟಿನಲ್ಲಿ ಇರುವಾಗ ಕೆಲಸ ನಿಲ್ಲಬಾರದು ಅಂತ ನಮ್ಮ ಗುಮಾಸ್ತರು ಎರಡು ಸೀಲ್ ಮಾಡಿಸಿ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ‘ಆದೇಶ ಬಂದಿದೆಯಲ್ಲ, ಶುರು ಮಾಡಿ’ ಎನ್ನುತ್ತಾರೆ. ನಾಳೆ ಯಾರಾದರೂ ಕೋರ್ಟಿನಲ್ಲಿ ನನ್ನ ಸೀಲೇ ಸರಿಯಿಲ್ಲ ಅಂದರೆ ಏನು ಗತಿ ಎನ್ನುವ ಭಯ ನನಗೆ.

ಉತ್ತರ: ಮೊದಲು ಅಭಿನಂದನೆ. ನಿಮ್ಮ ಪತ್ರದಲ್ಲಿ ಅಂಗಡಿ, ಬೆಲೆ, ಚಿತ್ರ ಅಂತ ಹಲವು ಪ್ರಶ್ನೆಗಳಿದ್ದರೂ ಚಿಂತೆ ಒಂದೇ. ನಿಮ್ಮ ಮೊಹರು ಬಿದ್ದ ಕಾಗದ ಗಟ್ಟಿಯಾಗಿ ನಿಲ್ಲಬೇಕು. ಈ ಭಯ ಒಳ್ಳೆಯದೇ. ಆದರೆ ಸೀಲಿನ ಅಂದಚೆಂದದಲ್ಲಿ ಎಡವಿ ತೊಂದರೆಗೆ ಸಿಕ್ಕ ನೋಟರಿಗಳನ್ನು ನಾನು ಹೆಚ್ಚು ಕಂಡಿಲ್ಲ. ಸೀಲು ಯಾರ ಕೈಯಲ್ಲಿತ್ತು, ಒತ್ತಿದ ದಿನ ನೋಟರಿ ತನ್ನ ಕೆಲಸ ದಾಖಲಿಸುವ ರಿಜಿಸ್ಟರಿನಲ್ಲಿ ಏನು ಬರೆದಿತ್ತು ಎನ್ನುವುದರಲ್ಲಿ ಸಿಕ್ಕಿಬಿದ್ದವರೇ ಜಾಸ್ತಿ. ಹಾಗಾಗಿ ಸೀಲಿನ ಮಾತು ಬೇಗ ಮುಗಿಸಿ, ಗುಮಾಸ್ತರ ಸಲಹೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ತುರ್ತಿನದು ಮೊದಲು. ನಿಮ್ಮ ಸಹೋದ್ಯೋಗಿಯ ಮಾತು ಕೇಳಬೇಡಿ. ನೇಮಕದ ಆದೇಶ ಬೇರೆ, ಕೆಲಸ ಮಾಡಲು ಕೊಡುವ ಸರ್ಟಿಫಿಕೇಟ್ ಬೇರೆ. 1952ರ ನೋಟರಿ ಕಾಯ್ದೆಯ 5ನೇ ಕಲಂ ಪ್ರಕಾರ ಶುಲ್ಕ ಕಟ್ಟಿ, ಸರ್ಕಾರದ ರಿಜಿಸ್ಟರಿನಲ್ಲಿ ಹೆಸರು ಸೇರಿ, ಸರ್ಟಿಫಿಕೇಟ್ ಸಿಗಬೇಕು. ಜಾರಿಯಲ್ಲಿರುವ ಸರ್ಟಿಫಿಕೇಟ್ ಇಲ್ಲದೆ ಯಾರೂ ನೋಟರಿಯಾಗಿ ಕೆಲಸ ಮಾಡುವಂತಿಲ್ಲ, ನೋಟರಿಯ ಸೀಲ್ ಹಾಕಿ ಯಾವ ಕೆಲಸವನ್ನೂ ಮಾಡುವಂತಿಲ್ಲ ಎಂದು 9ನೇ ಕಲಂ ಹೇಳುತ್ತದೆ. ಮೀರಿದರೆ 12ನೇ ಕಲಂ ಇದೆ: ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಕೆಲವು ದಿನದ ಆತುರಕ್ಕೆ ಇಷ್ಟು ದೊಡ್ಡ ಅಪಾಯ ಯಾಕೆ?

ಸರ್ಟಿಫಿಕೇಟ್ ಬರುವ ಮೊದಲು ಸೀಲ್ ಮಾಡಿಸುವುದೂ ಬೇಡ. ಸೀಲಿನಲ್ಲಿ ಬರಬೇಕಾದ ವಿವರಗಳೆಲ್ಲ ಸರ್ಟಿಫಿಕೇಟಿನಲ್ಲಿ ಹೇಗಿವೆಯೋ ಹಾಗೇ ಇರಬೇಕು. ಮೊದಲೇ ಮಾಡಿಸಿದವರು ನೋಂದಣಿ ಸಂಖ್ಯೆಯ ಜಾಗ ಖಾಲಿ ಬಿಟ್ಟು ಆಮೇಲೆ ಪೆನ್ನಿನಲ್ಲಿ ತುಂಬಿದ್ದನ್ನು ನೋಡಿದ್ದೇನೆ. ಎದುರು ಪಕ್ಷದ ವಕೀಲರಿಗೆ ಪಾಟಿ ಸವಾಲಿನಲ್ಲಿ ಕೇಳಲು ಅಷ್ಟು ಸಾಕು.

ಇನ್ನು ಸೀಲು ಹೇಗಿರಬೇಕು ಎನ್ನುವುದು. ಪ್ರತಿ ನೋಟರಿಗೂ ನಿಗದಿತ ರೂಪದ ಸೀಲ್ ಇರಬೇಕು ಎನ್ನುತ್ತದೆ ಕಾಯ್ದೆಯ 7ನೇ ಕಲಂ. ಆ ರೂಪ ಏನು ಎನ್ನುವುದು 1956ರ ನೋಟರಿ ನಿಯಮಗಳ 12ನೇ ನಿಯಮದಲ್ಲಿದೆ. ಸಾದಾ ಸೀಲು, ದುಂಡಗಿರಬೇಕು, ವ್ಯಾಸ 5 ಸೆಂಟಿಮೀಟರ್. ಅದರಲ್ಲಿ ನಿಮ್ಮ ಹೆಸರು, ನೀವು ಕೆಲಸ ಮಾಡಬಹುದಾದ ಪ್ರದೇಶದ ಹೆಸರು, ನೋಂದಣಿ ಸಂಖ್ಯೆ, ನೋಟರಿ ಎನ್ನುವ ಪದ, ನೇಮಿಸಿದ ಸರ್ಕಾರದ ಹೆಸರು. ಇಷ್ಟೇ. ಡಿಗ್ರಿ ಬೇಡ, ಫೋನ್ ನಂಬರ್ ಬೇಡ, ತಕ್ಕಡಿಯ ಚಿತ್ರ ಬೇಡ, ಸುತ್ತ ಹೂಬಳ್ಳಿ ಬೇಡ. ಅಂಗಡಿಯವರು ಕಂಪ್ಯೂಟರಿನಲ್ಲಿ ಹತ್ತು ನಮೂನೆ ತೋರಿಸುತ್ತಾರೆ. ಅವುಗಳಲ್ಲಿ ಕೆಲವು ಅಮೆರಿಕದ ನೋಟರಿಗಳ ಮಾದರಿ ನೋಡಿ ಮಾಡಿದವು. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಕೆಲವು ಕಡೆ ನೋಟರಿಯ ಅವಧಿ ಮುಗಿಯುವ ದಿನಾಂಕವೂ ಸೀಲಿನಲ್ಲೇ ಇರಬೇಕು. ನಮ್ಮ ನಿಯಮ ಅದನ್ನು ಕೇಳುವುದಿಲ್ಲ. ಅವಧಿ ತೋರಿಸಬೇಕು ಅನಿಸಿದರೆ ಬೇರೆ ಚಿಕ್ಕ ಠಸ್ಸೆ ಮಾಡಿಸಿಕೊಂಡು ಸಹಿಯ ಕೆಳಗೆ ಒತ್ತಿ, ಅದಕ್ಕೆ ತೊಂದರೆಯಿಲ್ಲ. ವಕೀಲರು ಅನ್ನುವುದು, ಕಚೇರಿ ವಿಳಾಸ, ಫೋನು ಎಲ್ಲವೂ ಅಂಥ ಬೇರೆ ಠಸ್ಸೆಗೇ ಹೋಗಲಿ.

ಈ ಐದು ವಿವರಗಳಲ್ಲಿ ಹೊಸಬರು ತಪ್ಪುವುದು ಮೂರರಲ್ಲಿ.

ಒಂದು, ಹೆಸರು. ನಿಮ್ಮದೇ ಸಮಸ್ಯೆ ಇದು. ಆಧಾರ್‌ನಲ್ಲಿ ಏನಿದೆ, ನೆಂಟರು ಏನೆಂದು ಕರೆಯುತ್ತಾರೆ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ನೋಟರಿ ಸರ್ಟಿಫಿಕೇಟಿನಲ್ಲಿ ಯಾವ ಹೆಸರಿದೆಯೋ ಅದೇ, ಅಕ್ಷರಕ್ಕೆ ಅಕ್ಷರ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು ‘ಎ’ ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇರಲ್ಲ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಗಂಡನ ಮನೆ ಹೆಸರೇ ಬೇಕು ಅನ್ನುವುದಾದರೆ ಮೊದಲು ವಕೀಲರ ಪರಿಷತ್ತಿನ ದಾಖಲೆ ಬದಲಿಸಿ, ಆಮೇಲೆ ಕಾನೂನು ಇಲಾಖೆಗೆ ಬರೆದು ಸರ್ಕಾರದ ನೋಟರಿ ರಿಜಿಸ್ಟರಿನಲ್ಲಿ ಬದಲಿಸಿ, ಕೊನೆಗೆ ಸೀಲ್ ಬದಲಿಸಿ. ಸೀಲಿನಿಂದ ಶುರು ಮಾಡಿದರೆ ನಿಮ್ಮ ಸಹಿ ಒಂದು ಹೆಸರಿಗೆ, ಮೊಹರು ಇನ್ನೊಂದು ಹೆಸರಿಗೆ ಆಗುತ್ತದೆ.

ಎರಡು, ಪ್ರದೇಶ. ಸರ್ಟಿಫಿಕೇಟಿನಲ್ಲಿ ರಾಣೆಬೆನ್ನೂರು ತಾಲ್ಲೂಕು ಅಂತಿದ್ದರೆ ಸೀಲಿನಲ್ಲೂ ಅಷ್ಟೇ. ಹಾವೇರಿ ಜಿಲ್ಲೆ ಅಂತಲೋ ಬರೀ ಕರ್ನಾಟಕ ಅಂತಲೋ ಬರೆಸಿದರೆ ನಿಮಗಿಲ್ಲದ ವ್ಯಾಪ್ತಿಯನ್ನು ನೀವೇ ಹೇಳಿಕೊಂಡಂತೆ. ಮುಂದೆ ಸರ್ಕಾರ ವ್ಯಾಪ್ತಿ ಹಿಗ್ಗಿಸಿದರೆ ಆಗ ಹೊಸ ಸೀಲ್ ಮಾಡಿಸಿ.

ಮೂರು, ಸಂಖ್ಯೆ. ಸೀಲಿನಲ್ಲಿ ಬರಬೇಕಾದದ್ದು ನೋಟರಿ ನೋಂದಣಿ ಸಂಖ್ಯೆ. ಸನ್ನದಿನ ಸಂಖ್ಯೆಯೂ ಅಲ್ಲ, ನೇಮಕದ ಆದೇಶದ ಮೇಲಿನ ಕಡತದ ಸಂಖ್ಯೆಯೂ ಅಲ್ಲ. ವಕೀಲರಿಗೆ ಸನ್ನದಿನ ಸಂಖ್ಯೆ ಬಾಯಿಪಾಠವಾಗಿರುತ್ತದೆ, ಅಂಗಡಿಯಲ್ಲಿ ಕೇಳಿದ ತಕ್ಷಣ ಅದನ್ನೇ ಹೇಳಿಬಿಡುತ್ತಾರೆ. ಸರ್ಕಾರದ ಹೆಸರಿನಲ್ಲಿ ಗೊಂದಲ ಕಡಿಮೆ. ನಿಮ್ಮನ್ನು ನೇಮಿಸಿದ್ದು ರಾಜ್ಯ, ಆದ್ದರಿಂದ ಕರ್ನಾಟಕ ಸರ್ಕಾರ. ಕೇಂದ್ರ ನೇಮಿಸಿದವರು ಮಾತ್ರ ಭಾರತ ಸರ್ಕಾರ ಎಂದು ಬರೆಸಬೇಕು.

ಸಿಂಹಗಳು ಬೇಡ

ಅಂಗಡಿಯವರು ಹೇಳಿದ್ದು ಸುಳ್ಳು. ಲಾಂಛನ ಹಾಕಲೇಬೇಕು ಎನ್ನುವ ಮಾತು ನಿಯಮದಲ್ಲಿ ಇಲ್ಲ. ಇರುವುದು ಸಾದಾ ಎನ್ನುವ ಮಾತು. ಇನ್ನೂ ಮುಂದೆ ಹೋದರೆ, ಅದನ್ನು ಹಾಕುವುದು ನಿಮಗೆ ಅಪಾಯ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯಲೆಂದೇ 2005ರಲ್ಲಿ ಒಂದು ಕಾಯ್ದೆ ಬಂದಿದೆ, ಅದರ ನಿಯಮಗಳು 2007ರವು. ಕಾಗದ ಸರ್ಕಾರಕ್ಕೆ ಸೇರಿದ್ದು, ಅದು ಸರ್ಕಾರಿ ದಾಖಲೆ ಎನ್ನುವ ಭಾವನೆ ಬರುವಂತೆ ಲಾಂಛನವನ್ನಾಗಲೀ ಅದರ ಹೋಲಿಕೆಯನ್ನಾಗಲೀ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಬಳಸಬಾರದು. ಶಿಕ್ಷೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಾವ ಅಧಿಕಾರಿಗಳು, ಯಾವ ಕಚೇರಿಗಳು ಬಳಸಬಹುದು ಎನ್ನುವ ಪಟ್ಟಿ ನಿಯಮಗಳಲ್ಲಿದೆ. ಸರ್ಕಾರ ನೇಮಿಸಿದ ಮಾತ್ರಕ್ಕೆ ನೋಟರಿ ಸರ್ಕಾರಿ ಅಧಿಕಾರಿ ಆಗುವುದಿಲ್ಲ. ನಾವು ವಕೀಲಿಯ ಜೊತೆಗೆ, ಶುಲ್ಕ ಪಡೆದು, ಸಾರ್ವಜನಿಕರಿಗೆ ಕೆಲಸ ಮಾಡಿಕೊಡುವವರು.

‘ಹಾಗಾದರೆ ಗಂಡಭೇರುಂಡ?’ ಅಂತ ಕೆಲವರು ಕೇಳುತ್ತಾರೆ. ರಾಜ್ಯ ಸರ್ಕಾರಗಳ ಲಾಂಛನವನ್ನು ವೃತ್ತಿ ವ್ಯಾಪಾರಗಳಿಗೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ಅದೂ ಬೇಡ.

ಕೋರ್ಟ್ ಆವರಣದಲ್ಲಿ ಎಷ್ಟೋ ಜನರ ಸೀಲಿನಲ್ಲಿ ಸಿಂಹಗಳಿವೆ ಅಲ್ವಾ ಅಂತ ನೀವು ಕೇಳಬಹುದು. ಇವೆ. ಬಹಳ ಜನ ಹಾಕಿದ್ದಾರೆ ಅನ್ನುವುದು ನಾಳೆ ನಿಮ್ಮ ಮೇಲೆ ದೂರು ಬಂದಾಗ ಉತ್ತರವಾಗುವುದಿಲ್ಲ. ಹಿರಿಯರ ಸೀಲ್ ನೋಡಿ ನಕಲು ಮಾಡುವುದರಿಂದಲೇ ಈ ತಪ್ಪು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುತ್ತಿದೆ. ನಿಮ್ಮ 500 ರೂಪಾಯಿ ವಾಪಸ್ ಬರದಿದ್ದರೂ ಪರವಾಗಿಲ್ಲ, ಲಾಂಛನ ಇರುವ ಸೀಲ್ ತೆಗೆದುಕೊಳ್ಳಬೇಡಿ. ಈಗಾಗಲೇ ಕೆತ್ತಿದ್ದರೆ ಹೋಗಿ ತೆಗೆದುಕೊಂಡು ಬಂದು ರಬ್ಬರನ್ನು ಕತ್ತರಿಸಿ ಹಾಕಿ. ಅಂಗಡಿಯ ಡ್ರಾಯರಿನಲ್ಲಿ ನಿಮ್ಮ ಹೆಸರಿನ ಸೀಲ್ ಬಿದ್ದಿರಬಾರದು.

‘ಸರ್ಕಾರಿ ಮಾನ್ಯತೆಯ ಕಿಟ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಟರಿ ಸೀಲ್ ಮಾಡಲು ಇಂಥವರೇ ಮಾನ್ಯತೆ ಪಡೆದವರು ಎನ್ನುವ ವ್ಯವಸ್ಥೆ ಕಾಯ್ದೆಯಲ್ಲೂ ಇಲ್ಲ, ನಿಯಮಗಳಲ್ಲೂ ಇಲ್ಲ. ಸೀಲ್ ಮಾಡಿಸಲು ಬೇರೆ ಪರವಾನಗಿಯೂ ಬೇಕಿಲ್ಲ, ಸರ್ಟಿಫಿಕೇಟೇ ಆಧಾರ. ಕಿಟ್‌ನ ರಿಜಿಸ್ಟರನ್ನು ಮಾತ್ರ ಬಿಚ್ಚಿ ನೋಡದೆ ಕೊಳ್ಳಬೇಡಿ. ಅದು ನಿಯಮದ 15ನೇ ನಮೂನೆಯಲ್ಲೇ ಇರಬೇಕು. ಚೆಂದದ ರಟ್ಟಿನ ಒಳಗೆ ಅಂಕಣಗಳೇ ಬೇರೆ ಇರುವ ಪುಸ್ತಕಗಳೂ ಮಾರಾಟಕ್ಕಿವೆ.

ರಬ್ಬರೋ ಎಂಬಾಸೋ

ನಿಯಮ ಆಕಾರ ಹೇಳುತ್ತದೆ, ಅಳತೆ ಹೇಳುತ್ತದೆ, ಬರಹ ಹೇಳುತ್ತದೆ. ಯಾವುದರಿಂದ ಮಾಡಿರಬೇಕು ಎಂದು ಹೇಳುವುದಿಲ್ಲ. ಹಾಗಾಗಿ ಎಂಬಾಸ್ ಕಡ್ಡಾಯ ಎನ್ನುವುದೂ ತಪ್ಪು, ಎಂಬಾಸ್ ಇದ್ದರೆ ಮಾತ್ರ ವಿದೇಶದಲ್ಲಿ ನಡೆಯುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಎರಡಕ್ಕೂ ಅದರದರ ಗುಣವಿದೆ.

ಎಂಬಾಸ್ ಯಂತ್ರದಲ್ಲಿ ಎರಡು ಅಚ್ಚು ಇರುತ್ತವೆ. ಒಂದರಲ್ಲಿ ಅಕ್ಷರ ಉಬ್ಬಿರುತ್ತದೆ, ಇನ್ನೊಂದರಲ್ಲಿ ತಗ್ಗಿರುತ್ತದೆ. ಮಧ್ಯೆ ಕಾಗದ ಇಟ್ಟು ಒತ್ತಿದರೆ ಕಾಗದವೇ ಉಬ್ಬುತ್ತದೆ. ಬೆರಳಿಗೆ ತಾಗುತ್ತದೆ, ಕಲರ್ ಜೆರಾಕ್ಸ್‌ನಲ್ಲಿ ನಕಲು ಮಾಡಲು ಆಗುವುದಿಲ್ಲ. ಅದೇ ಅದರ ಕೊರತೆಯೂ ಹೌದು: ಸ್ಕ್ಯಾನ್‌ನಲ್ಲಿ, ಜೆರಾಕ್ಸ್‌ನಲ್ಲಿ ಅದು ಕಾಣುವುದೇ ಇಲ್ಲ. ಈಗ ಬ್ಯಾಂಕು, ಪಾಸ್‌ಪೋರ್ಟ್, ಕಾಲೇಜು ಎಲ್ಲರೂ ಸ್ಕ್ಯಾನ್ ಮಾಡಿ ಕಳಿಸಿ ಎನ್ನುತ್ತಾರೆ. ಬರೀ ಎಂಬಾಸ್ ಹಾಕಿದರೆ ‘ಸೀಲ್ ಇಲ್ಲ’ ಅಂತ ಕಾಗದ ವಾಪಸ್ ಬರುತ್ತದೆ. ಕೆಂಪು ಅಥವಾ ಬಂಗಾರದ ಬಣ್ಣದ ಸ್ಟಿಕ್ಕರ್ ಅಂಟಿಸಿ ಅದರ ಮೇಲೆ ಒತ್ತುವುದು ಇದಕ್ಕೇ. ಸ್ಟಿಕ್ಕರ್ ಮೇಲಷ್ಟೇ ಬಿದ್ದರೆ ಸಾಲದು, ಉಬ್ಬು ಕೆಳಗಿನ ಕಾಗದಕ್ಕೂ ಇಳಿದಿರಬೇಕು. ಇಲ್ಲದಿದ್ದರೆ ಸ್ಟಿಕ್ಕರ್ ಕಿತ್ತು ಬೇರೆ ಕಾಗದಕ್ಕೆ ಅಂಟಿಸಬಹುದು.

ನನ್ನ ಅನುಭವದಲ್ಲಿ ತಾಲ್ಲೂಕಿನ ದಿನನಿತ್ಯದ ಕೆಲಸಕ್ಕೆ ಒಳ್ಳೆಯ ಇಂಕಿನ ಸೀಲೇ ಸಾಕು. ಆದಾಯ ಪ್ರಮಾಣಪತ್ರಕ್ಕೆ ಬೇಕಾದ ಅಫಿಡವಿಟ್, ಹೆಸರು ಬದಲಾವಣೆ, ಅಂಕಪಟ್ಟಿಯ ನಕಲು, ಬಾಡಿಗೆ ಕರಾರು, ಇವೇ ಅಲ್ವಾ ಹೆಚ್ಚು ಬರುವುದು. ಮುಖ್ತಿಯಾರನಾಮೆ (ಪವರ್ ಆಫ್ ಅಟಾರ್ನಿ), ಭಾಷಾಂತರದ ದೃಢೀಕರಣ, ವಿದೇಶಕ್ಕೆ ಹೋಗುವ ಕಾಗದ ಬರತೊಡಗಿದಾಗ ಎಂಬಾಸ್ ಕೊಳ್ಳಿ, ಅವುಗಳಿಗೆ ಎರಡನ್ನೂ ಹಾಕಿ. ಇಂಕಿನ ಸೀಲ್ ಕೆಲವು ನೂರು ರೂಪಾಯಿಯ ಮಾತು, ಎಂಬಾಸ್ ಸಾವಿರಗಳ ಲೆಕ್ಕ. ಮೊದಲ ದಿನವೇ ಎರಡೂ ಇರಬೇಕೆಂದಿಲ್ಲ.

ಇಂಕಿನಲ್ಲೂ ವ್ಯತ್ಯಾಸವಿದೆ. ಮರದ ಹಿಡಿಯ ರಬ್ಬರ್ ಸೀಲು, ಪ್ಯಾಡು, ಇದು ಹಳೆಯ ದಾರಿ. ಪ್ಯಾಡ್ ಒಣಗಿದರೆ ಅರ್ಧ ವೃತ್ತ ಮಾತ್ರ ಬೀಳುತ್ತದೆ. ಪ್ರೀ-ಇಂಕ್ ಸೀಲಿನಲ್ಲಿ ಇಂಕು ಒಳಗೇ ಇರುತ್ತದೆ, ಅಕ್ಷರ ಚೊಕ್ಕವಾಗಿ ಬರುತ್ತದೆ. ಆದರೆ ನುಣುಪು ಕಾಗದದ ಮೇಲೆ ಬೇಗ ಒಣಗದೆ ಕದಡುತ್ತದೆ. ಲ್ಯಾಮಿನೇಟ್ ಮಾಡಿದ ಪ್ರತಿಗಳ ಮೇಲಂತೂ ಒತ್ತಲೇಬೇಡಿ, ಕೈಯಿಂದ ಉಜ್ಜಿದರೆ ಹೋಗುತ್ತದೆ. ಇಂಕಿನ ಬಣ್ಣವನ್ನೂ ನಿಯಮ ಹೇಳಿಲ್ಲ. ನಾನು ನೇರಳೆ ಬಳಸುತ್ತೇನೆ. ಕಪ್ಪು ಬೇಡ, ಮೂಲವೋ ಜೆರಾಕ್ಸೋ ಎಂದು ಆಮೇಲೆ ನಿಮಗೇ ತಿಳಿಯುವುದಿಲ್ಲ.

ಅಳತೆ ಮಾತ್ರ ಅಂಗಡಿಯಲ್ಲೇ ಪರೀಕ್ಷಿಸಿ. ಸಿದ್ಧವಾಗಿ ಸಿಗುವ ದುಂಡು ಚೌಕಟ್ಟುಗಳಲ್ಲಿ 5 ಸೆಂಟಿಮೀಟರ್‌ಗಿಂತ ಚಿಕ್ಕವು ಬಹಳ. ‘ಇದೇ ನೋಟರಿ ಸೈಜ್’ ಅಂತ ಅವನ್ನೇ ಕೊಟ್ಟುಬಿಡುತ್ತಾರೆ. ಹಿಡಿಯನ್ನು ಅಳೆಯಬೇಡಿ, ಕಾಗದದ ಮೇಲೆ ಬಿದ್ದ ಹೊರಗಿನ ವೃತ್ತವನ್ನು ಸ್ಕೇಲ್ ಇಟ್ಟು ಅಳೆಯಿರಿ. ಒಂದೆರಡು ಮಿಲಿಮೀಟರ್ ಕಡಿಮೆಯಾದರೆ ಕಾಗದ ತಾನಾಗಿಯೇ ಬಿದ್ದುಹೋಗುತ್ತದೆ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ, ಅದಕ್ಕೆ ಹೆದರಬೇಡಿ. ಆದರೂ ಸರಿಯಾಗಿ ಮಾಡಿಸುವುದು ಅಷ್ಟೇ ಖರ್ಚಿನಲ್ಲಿ ಆಗುವಾಗ ಪ್ರಶ್ನೆಗೆ ಜಾಗ ಯಾಕೆ ಕೊಡಬೇಕು?

ಕನ್ನಡದ ವಿಷಯ. ಸೀಲಿನ ಸುತ್ತ ಇರಬೇಕಾದ ನೋಟರಿ ಎನ್ನುವ ಪದವನ್ನು ನಿಯಮ ಇಂಗ್ಲಿಷಿನಲ್ಲಿ ಕೊಟ್ಟಿದೆ. ನಿಮ್ಮ ಕಾಗದ ಮಹಾರಾಷ್ಟ್ರಕ್ಕೂ ಹೋಗುತ್ತದೆ, ದುಬೈಗೂ ಹೋಗುತ್ತದೆ. ಸೀಲನ್ನು ಇಂಗ್ಲಿಷಿನಲ್ಲೇ ಇಡಿ, ಹೆಸರು, ಕಚೇರಿ ವಿಳಾಸದ ಠಸ್ಸೆಯನ್ನು ಕನ್ನಡದಲ್ಲಿ ಮಾಡಿಸಿ ಸಹಿಯ ಕೆಳಗೆ ಹಾಕಿ. ‘ನನ್ನ ಎದುರು ಓದಿ ಹೇಳಿ, ಅರ್ಥವಾಗಿದೆ ಎಂದು ಒಪ್ಪಿ ಸಹಿ ಮಾಡಿದ್ದಾರೆ’ ಎನ್ನುವ ಒಕ್ಕಣೆಯ ಠಸ್ಸೆ ಕನ್ನಡದಲ್ಲೇ ಇರಲಿ. ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಅವರ ಮನೆಯವರು ಅದನ್ನು ಓದಿ ಹೇಳಬಹುದು.

ಅಂಗಡಿಯಲ್ಲಿ ಎಚ್ಚರ

ಸರ್ಟಿಫಿಕೇಟ್ ನೋಡದೆ ನೋಟರಿ ಸೀಲ್ ಮಾಡಿಕೊಡುವ ಅಂಗಡಿ ನಿಮಗೆ ಅನುಕೂಲ ಅನಿಸಬಹುದು. ಅದೇ ಅಂಗಡಿ ನಾಳೆ ಬೇರೆಯವರಿಗೂ ನಿಮ್ಮ ಸೀಲ್ ಮಾಡಿಕೊಡುತ್ತದೆ. ಕೇಳುವ ಅಂಗಡಿಗೇ ಹೋಗಿ. ಸರ್ಟಿಫಿಕೇಟಿನ ಜೆರಾಕ್ಸ್ ಮೇಲೆ ಅಡ್ಡಲಾಗಿ ‘ಸೀಲ್ ಮಾಡಲು ಮಾತ್ರ’ ಎಂದು ಬರೆದು ದಿನಾಂಕ ಹಾಕಿ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸುವುದಕ್ಕಿಂತ ಖುದ್ದಾಗಿ ಹೋಗುವುದು ಮೇಲು. ಪರದೆಯ ಮೇಲಿನ ವಿನ್ಯಾಸ ಓದುವಾಗ ಸರ್ಟಿಫಿಕೇಟನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿರುವ ಫೈಲ್ ಅಳಿಸಲು ಹೇಳಿ. ಪ್ರಯೋಗಕ್ಕೆ ಒತ್ತಿದ ಕಾಗದಗಳು, ಕೆಟ್ಟುಹೋದ ರಬ್ಬರ್ ತುಂಡುಗಳು, ಎಲ್ಲವನ್ನೂ ಕೇಳಿ ತೆಗೆದುಕೊಂಡು ಬನ್ನಿ. ಬಿಲ್ಲನ್ನೂ ಜೋಪಾನ ಮಾಡಿ. ಸೀಲ್ ಎಂದು ಮಾಡಿಸಿದಿರಿ, ಎಷ್ಟು ಮಾಡಿಸಿದಿರಿ ಎನ್ನುವುದಕ್ಕೆ ಅದೇ ದಾಖಲೆ.

ಇನ್ನೊಂದು ಮಾತು, ಇದು ಇತ್ತೀಚಿನ ಅಭ್ಯಾಸ. ಹೊಸ ನೋಟರಿಗಳು ಖುಷಿಯಲ್ಲಿ ಮೊದಲ ಸೀಲನ್ನು ಬಿಳಿ ಹಾಳೆಯ ಮೇಲೆ ಒತ್ತಿ ಫೋಟೊ ತೆಗೆದು ಸ್ಟೇಟಸ್ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಆ ಒಂದು ಚಿತ್ರದಿಂದ ಯಾವ ರಬ್ಬರ್ ಸ್ಟಾಂಪ್ ಅಂಗಡಿಯಲ್ಲಾದರೂ ನಿಮ್ಮ ಸೀಲ್ ತಯಾರಾಗುತ್ತದೆ. ಸುಳ್ಳು ದಸ್ತಾವೇಜು ಸೃಷ್ಟಿಸಲೆಂದು ನಕಲಿ ಮೊಹರು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 341ನೇ ಕಲಂ ಕೆಳಗೆ ದೊಡ್ಡ ಅಪರಾಧ, ನಿಜ. ಆದರೆ ಮಾಡಿದವರು ಸಿಗುವ ತನಕ ಪೊಲೀಸರು ಬಂದು ಕೂರುವುದು ನಿಮ್ಮ ಕಚೇರಿಯಲ್ಲಿ.

ಒಂದು ಬಿಳಿ ಹಾಳೆಯ ಮೇಲೆ ಸೀಲ್ ಒತ್ತಿ, ಪಕ್ಕದಲ್ಲಿ ಸಹಿ, ದಿನಾಂಕ ಹಾಕಿ ಬೀರುವಿನಲ್ಲಿಡಿ. ಮುಂದೆ ಯಾವುದಾದರೂ ಕಾಗದದ ಮೇಲಿನ ಸೀಲ್ ನಿಮ್ಮದೋ ಅಲ್ಲವೋ ಎನ್ನುವ ಪ್ರಶ್ನೆ ಬಂದರೆ ಹೋಲಿಸಲು ಅದೇ ಆಧಾರ.

ಎರಡನೆಯ ಸೀಲು

ಈಗ ಗುಮಾಸ್ತರ ಸಲಹೆ. ಅವರು ಕೆಟ್ಟದ್ದು ಬಯಸಿ ಹೇಳಿರಲಿಕ್ಕಿಲ್ಲ. ಹಳ್ಳಿಯಿಂದ ಬಸ್ ಹಿಡಿದು ಬಂದವರು ನೀವಿಲ್ಲ ಅಂತ ವಾಪಸ್ ಹೋಗುವುದು ಅವರಿಗೂ ಕಷ್ಟ ಅನಿಸಿರಬಹುದು. ಆದರೂ ಇಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ: ನೀವಿಲ್ಲದಾಗ ಒತ್ತಲು ಎಂದು ಎರಡನೆಯ ಸೀಲ್ ಮಾಡಿಸಬೇಡಿ.

ಯಾಕೆ ಎನ್ನುವುದು ಕಾಯ್ದೆಯಲ್ಲೇ ಇದೆ. ನೋಟರಿ ತನ್ನ ಸಹಿ ಮತ್ತು ಅಧಿಕೃತ ಸೀಲಿನೊಂದಿಗೆ ಮಾಡಿದರೆ ಮಾತ್ರ ಅದು ನೋಟರಿ ಕೆಲಸ ಎಂದು 8ನೇ ಕಲಂನ ಎರಡನೇ ಉಪಕಲಂ ಹೇಳುತ್ತದೆ. ಸಹಿ, ಸೀಲು ಎರಡೂ ಬೇಕು, ಮಾಡುವವರು ನೋಟರಿಯೇ ಆಗಿರಬೇಕು. ಇಡೀ ಕಾಯ್ದೆಯಲ್ಲಿ ನೋಟರಿಯ ಗುಮಾಸ್ತರಿಗೆ ಒಂದೇ ಒಂದು ಕೆಲಸಕ್ಕೆ ಅವಕಾಶವಿದೆ. ಪ್ರಾಮಿಸರಿ ನೋಟು, ಹುಂಡಿ, ವಿನಿಮಯ ಪತ್ರ ಎನ್ನುವ ಹಣ ಪಾವತಿಯ ಕಾಗದಗಳನ್ನು ಒಪ್ಪಿಗೆಗೋ ಹಣ ಪಾವತಿಗೋ ನೋಟರಿಯ ಪರವಾಗಿ ಹಾಜರುಪಡಿಸುವುದು. 9ನೇ ಕಲಂನಲ್ಲಿ ಆ ವಿನಾಯಿತಿ ಇದೆ. ಅಫಿಡವಿಟ್‌ಗೆ ಪ್ರಮಾಣ ಬೋಧಿಸುವುದು, ಸಹಿ ದೃಢೀಕರಿಸುವುದು ಯಾವುದೂ ಅದರಲ್ಲಿ ಬರುವುದಿಲ್ಲ.

ಇದರ ಹಿಂದೆ ಕಾರಣವಿದೆ. ನ್ಯಾಯಾಲಯ ನೋಟರಿಯ ಸೀಲನ್ನು ಸಾಕ್ಷಿ ಕೇಳದೆ ಗಮನಕ್ಕೆ ತೆಗೆದುಕೊಳ್ಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 57ನೇ ಕಲಂನಲ್ಲಿದ್ದ ಈ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 52ನೇ ಕಲಂನಲ್ಲಿದೆ. ನೋಟರಿಯ ಎದುರು ಬರೆದುಕೊಟ್ಟು, ನೋಟರಿ ದೃಢೀಕರಿಸಿದ ಮುಖ್ತಿಯಾರನಾಮೆಯನ್ನು ಸರಿಯಾಗಿಯೇ ಆಗಿದೆ ಎಂದು ನ್ಯಾಯಾಲಯ ಊಹಿಸುತ್ತದೆ. ಅದು ಹಿಂದೆ 85ನೇ ಕಲಂ, ಈಗ 84. ಅಂದರೆ ನಿಮ್ಮ ಸೀಲ್ ಬಿದ್ದ ಮೇಲೆ ‘ಇದು ಸುಳ್ಳು’ ಎಂದು ಸಾಬೀತು ಮಾಡುವ ಹೊರೆ ಎದುರಿನವರ ಮೇಲೆ ಬೀಳುತ್ತದೆ. ಆ ಎದುರಿನವರು ಯಾರಿರಬಹುದು ಎಂದು ಯೋಚಿಸಿ. ಅಣ್ಣ ತಮ್ಮಂದಿರು ಸೇರಿ ಹೆಸರು ಬಿಟ್ಟ ತಂಗಿ ಇರಬಹುದು. ಊರಲ್ಲಿ ಇಲ್ಲದಾಗ ಅವರ ಹೊಲದ ಮೇಲೆ ಯಾರೋ ಮುಖ್ತಿಯಾರನಾಮೆ ಸೃಷ್ಟಿಸಿದ ಮುದುಕರಿರಬಹುದು. ಸಹಿ ಮಾಡಿದವರನ್ನು ನೀವು ಕಣ್ಣಾರೆ ನೋಡಿದ್ದೀರಿ ಎನ್ನುವ ಒಂದೇ ಆಧಾರದ ಮೇಲೆ ಕಾನೂನು ಇಷ್ಟು ಬೆಲೆ ಕೊಟ್ಟಿದೆ.

ಆದ್ದರಿಂದ ಸೀಲು ನಿಮ್ಮ ಬ್ಯಾಗಿನಲ್ಲಿ, ಇಲ್ಲವೇ ಬೀಗ ಹಾಕಿದ ಡ್ರಾಯರಿನಲ್ಲಿ. ಬೀಗದ ಕೈ ನಿಮ್ಮ ಹತ್ತಿರ. ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಮೇಜಿನ ಮೇಲೆ, ಜೆರಾಕ್ಸ್ ಅಂಗಡಿಯಲ್ಲಿ ಸೀಲ್ ಬಿಟ್ಟು ಸಂಜೆ ಬಂದು ಲೆಕ್ಕ ತೆಗೆದುಕೊಳ್ಳುವ ಪದ್ಧತಿ ಕೆಲವು ಕಡೆ ಇದೆ. ನಿಮ್ಮನ್ನೂ ಕರೆಯುತ್ತಾರೆ, ‘ಮೇಡಂ ನೀವು ಬರೋದೇ ಬೇಡ, ದಿನಕ್ಕೆ ಇಷ್ಟು ಅಂತ ಕೊಡ್ತೀವಿ’ ಎನ್ನುತ್ತಾರೆ. ಸಹಿ ಮಾಡಿ ಸೀಲ್ ಹಾಕಿದ ಖಾಲಿ ಹಾಳೆ ಕೇಳುವವರೂ ಬರುತ್ತಾರೆ. ಮೊದಲ ತಿಂಗಳಲ್ಲಿ ನೀವು ಬೇಡ ಎಂದದ್ದು ಊರಿಗೆಲ್ಲ ತಿಳಿದರೆ ಆಮೇಲೆ ಕೇಳುವುದಿಲ್ಲ. ಮದುವೆ ಕರಾರು, ವಿಚ್ಛೇದನ ಪತ್ರಕ್ಕೆ ಸೀಲ್ ಕೇಳುವವರಿಗೂ ಇದೇ ಉತ್ತರ. ಅಂಥ ಪತ್ರ ಮಾಡಿಕೊಡುವ ಅಧಿಕಾರ ನೋಟರಿಗಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಸ್ಪಷ್ಟವಾಗಿ ಬರೆದು ತಿಳಿಸಿದೆ.

ಗುಮಾಸ್ತರಿಗೆ ಕೆಲಸ ಬೇರೆ ಇದೆ. ‘ನೋಟರಿ ಕೆಲಸ ಸಂಜೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಗೆ’ ಎಂದು ಬೋರ್ಡ್ ಬರೆಸಿ. ನಿಮ್ಮ ಹೆಸರು, ನೋಟರಿ ಎನ್ನುವುದು ಕಾಣುವ ಬೋರ್ಡ್ ಕಚೇರಿಯಲ್ಲಿ ಇರಲೇಬೇಕೆಂದು 15ನೇ ನಿಯಮವೂ ಹೇಳುತ್ತದೆ. ಬಂದವರ ಗುರುತಿನ ಚೀಟಿ ನೋಡಿ, ಕಾಗದ ಪೂರ್ತಿ ಇದೆಯೇ ಎಂದು ಪರಿಶೀಲಿಸಿ, ಸರದಿ ಮಾಡಿಡುವ ಕೆಲಸ ಗುಮಾಸ್ತರು ಮಾಡಲಿ. ಹಳ್ಳಿಯವರಿಗೆ ಫೋನ್ ನಂಬರ್ ಕೊಟ್ಟು ಹೊತ್ತು ಕೇಳಿಕೊಂಡು ಬರಲು ಹೇಳಿದರೆ ಬಸ್ ಖರ್ಚು ದಂಡವಾಗುವುದಿಲ್ಲ.

ಸೀಲಿನ ಜೋಡಿ ರಿಜಿಸ್ಟರು. ಬಳಕೆ ಶುರು ಮಾಡುವ ಮೊದಲು ಅದರಲ್ಲಿ ಎಷ್ಟು ಪುಟಗಳಿವೆ ಎಂದು ಮೊದಲ ಪುಟದಲ್ಲಿ ದೃಢೀಕರಿಸಿ, ಸಹಿ ದಿನಾಂಕ ಹಾಕಬೇಕು. ಇದು 11ನೇ ನಿಯಮ. ಜಿಲ್ಲಾ ನ್ಯಾಯಾಧೀಶರು ಅಥವಾ ಸರ್ಕಾರ ನೇಮಿಸಿದ ಅಧಿಕಾರಿ ಅದನ್ನು ವರ್ಷಕ್ಕೆ ಎರಡು ಸಲದವರೆಗೆ ತಪಾಸಣೆ ಮಾಡಬಹುದು. ಪಡೆದ ಶುಲ್ಕಕ್ಕೆ ರಸೀದಿ ಕೊಡಬೇಕು. ವರ್ಷದ ಕೆಲಸದ ವರದಿಯನ್ನು ಜನವರಿ ಮೊದಲ ವಾರ ಸರ್ಕಾರಕ್ಕೆ ಕಳಿಸಬೇಕು. ನನ್ನ ಕ್ರಮ ಹೀಗೆ: ಮೊದಲು ರಿಜಿಸ್ಟರಿನಲ್ಲಿ ಬರೆದು ಬಂದವರ ಸಹಿ ಪಡೆಯುವುದು, ಆ ಕ್ರಮಸಂಖ್ಯೆಯನ್ನು ಕಾಗದದ ಮೇಲೆ ಬರೆಯುವುದು, ಕೊನೆಗೆ ನನ್ನ ಸಹಿ, ಸೀಲು. ಸೀಲ್ ಮೊದಲು ಒತ್ತಿ ‘ಆಮೇಲೆ ಬರೆಯೋಣ’ ಅಂದರೆ ಆ ಆಮೇಲೆ ಬರುವುದೇ ಇಲ್ಲ. ನಿಮ್ಮ ಭಯಕ್ಕೆ ನಿಜವಾದ ಔಷಧ ಇದು. ಕೋರ್ಟಿನಲ್ಲಿ ಹತ್ತು ವರ್ಷದ ನಂತರ ಕೇಳಿದಾಗ ನಿಮಗೆ ಆ ಮುಖ ನೆನಪಿರುವುದಿಲ್ಲ, ಆದರೆ ರಿಜಿಸ್ಟರಿನಲ್ಲಿ ಅವರ ಸಹಿ ಇರುತ್ತದೆ.

ಸೀಲ್ ಎಲ್ಲಿ ಒತ್ತಬೇಕು? ನಿಮ್ಮ ಸಹಿಯ ಪಕ್ಕದಲ್ಲಿ, ಬರಹದ ಮೇಲೆ ಬೀಳದಂತೆ. ಇ-ಸ್ಟಾಂಪ್ ಕಾಗದದಲ್ಲಿ ಮೇಲಿನ ಪ್ರಮಾಣಪತ್ರದ ಸಂಖ್ಯೆ, ಕೋಡ್ ಮುಚ್ಚದಂತೆ ನೋಡಿಕೊಳ್ಳಿ, ಅದು ಅಸಲಿಯೇ ಎಂದು ಪರಿಶೀಲಿಸಲು ಅವೇ ಬೇಕು. ಹಲವು ಪುಟಗಳಿದ್ದರೆ ಪ್ರತಿ ಪುಟಕ್ಕೂ ಸೀಲು, ಚಿಕ್ಕ ಸಹಿ. ನೋಟರಿ ಸ್ಟಾಂಪಿನ ಟಿಕೆಟು ಸರ್ಕಾರಕ್ಕೆ ಸಲ್ಲುವ ಸುಂಕ. ಅದನ್ನು ಅಂಟಿಸಿದ ಮಾತ್ರಕ್ಕೆ ಸೀಲ್ ಒತ್ತಿದಂತಾಗುವುದಿಲ್ಲ, ಸೀಲ್ ಒತ್ತಿದ ಮಾತ್ರಕ್ಕೆ ಸುಂಕ ಕಟ್ಟಿದಂತೆಯೂ ಆಗುವುದಿಲ್ಲ.

ಸೀಲ್ ಕಳೆದರೆ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಈಗಲೇ ತಿಳಿದಿರಲಿ. ಅದೇ ದಿನ ಪೊಲೀಸರಿಗೆ ತಿಳಿಸಿ. ಕಳುವಾಗಿದೆ ಅನಿಸಿದರೆ ಠಾಣೆಗೆ ಹೋಗಿ ದೂರು ಕೊಡಿ. ಎಲ್ಲೋ ಬಿದ್ದುಹೋಗಿದ್ದರೆ ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ದಾಖಲಿಸಬಹುದು. ರಿಜಿಸ್ಟರಿನಲ್ಲಿ ಕೊನೆಯ ಕ್ರಮಸಂಖ್ಯೆಯ ಕೆಳಗೆ ಗೆರೆ ಎಳೆದು ವಿಷಯ ಬರೆದು ಸಹಿ ಮಾಡಿ. ಕಾನೂನು ಇಲಾಖೆಗೆ, ಜಿಲ್ಲಾ ನ್ಯಾಯಾಧೀಶರ ಕಚೇರಿಗೆ ಪತ್ರ ಬರೆಯಿರಿ, ವಕೀಲರ ಸಂಘಕ್ಕೂ ತಿಳಿಸಿ. ಹೊಸ ಸೀಲ್ ಮಾಡಿಸುವಾಗ ವಿವರಗಳು ಅವೇ ಇರಲಿ, ಅಕ್ಷರಗಳ ಜೋಡಣೆ ಸ್ವಲ್ಪ ಬೇರೆ ಇರಲಿ. ಹಳೆಯದು ಯಾವುದು, ಹೊಸದು ಯಾವುದು ಎಂದು ನೋಡಿದ ಕೂಡಲೇ ತಿಳಿಯಬೇಕು.

ನಿಮ್ಮ ಸರ್ಟಿಫಿಕೇಟ್ ಐದು ವರ್ಷಕ್ಕೆ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯಲು ಆರು ತಿಂಗಳು ಇರುವಾಗಲೇ ಸಿದ್ಧ ಮಾಡಿ. ಅರ್ಜಿ ಹಾಕಿದ್ದೇನೆ ಅಂತ ಅವಧಿ ಮುಗಿದ ಮೇಲೂ ಸೀಲ್ ಒತ್ತಬೇಡಿ, ಆಗಲೂ ಅದೇ 9ನೇ ಕಲಂ ಅಡ್ಡ ಬರುತ್ತದೆ. ನವೀಕರಣವಾಗಿ ಬಂದ ಸರ್ಟಿಫಿಕೇಟಿನಲ್ಲಿ ಹೆಸರು, ಪ್ರದೇಶ, ಸಂಖ್ಯೆ ಮೂರೂ ಅವೇ ಇದ್ದರೆ ಹಳೆಯ ಸೀಲೇ ಮುಂದುವರಿಯಬಹುದು. ಒಂದಾದರೂ ಬದಲಾಗಿದ್ದರೆ ಹೊಸದು ಮಾಡಿಸಿ, ಹಳೆಯ ರಬ್ಬರನ್ನು ಬ್ಲೇಡಿನಿಂದ ಅಡ್ಡ ಕೊಯ್ದು, ಆ ದಿನದ ರಿಜಿಸ್ಟರ್ ಪುಟದಲ್ಲಿ ಒಂದು ಸಾಲು ಬರೆದಿಡಿ. ಸೀಲ್ ಎಲ್ಲಿದೆ, ನಿಮಗೇನಾದರೂ ಆದರೆ ಅದನ್ನು ನಾಶ ಮಾಡಿ ಇಲಾಖೆಗೆ ತಿಳಿಸಬೇಕು ಎನ್ನುವುದು ಮನೆಯವರೊಬ್ಬರಿಗೆ ಗೊತ್ತಿರಲಿ.